ಸ್ಲ್ಯಾಬ್ ಹಾಕುವ ಹಿಂದಿನ ಸಂಜೆ ಏನೇನು ನೋಡಬೇಕು?

ಕಡಲ ತೀರದ ಮಲ್ಪೆ ಕಡೆ ಸೈಟ್ ಇದ್ದರೆ ಹಿಂದಿನ ದಿನ ಸಂಜೆಯೇ ಹೋಗಿ. ಬೆಳಿಗ್ಗೆ ಹೋದರೆ ಮಿಕ್ಸರ್ ತಿರುಗುತ್ತಿರುತ್ತದೆ, ಆಗ ನಿಮ್ಮ ಮಾತು ಯಾರೂ ಕೇಳುವುದಿಲ್ಲ.

ಮೊದಲು ಬಗ್ಗಿ ಸರಳಿನ ಅಡಿ ನೋಡಿ. ಸರಳನ್ನು ಅಡಿಯ ಹಲಗೆಯಿಂದ ಎತ್ತಿ ಹಿಡಿಯುವ ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಟ್ಟಿರುತ್ತಾರೆ. ಕಾಲಿಟ್ಟರೆ ಸಾಕು, ಜಾರುತ್ತದೆ. ಕಡಲ ಗಾಳಿಗೆ ತೆರೆದಿರುವ ಕಡೆ ಐಎಸ್ 456 (ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ) ಪ್ರಕಾರ 45 ಮಿ.ಮೀ. ಕವರ್, ಅಂದರೆ ಸರಳಿನ ಹೊರಗೆ ಅಷ್ಟು ದಪ್ಪ ಕಾಂಕ್ರೀಟ್ ಬೇಕು; ಕಾಂಕ್ರೀಟಿನ ಬಲದ ದರ್ಜೆ ಕನಿಷ್ಠ ಎಂ30 ಇರಬೇಕು. ಹೊಸತರಲ್ಲಿ ನಾನು ಒಂದು ಮನೆಯಲ್ಲಿ 20 ಮಿ.ಮೀ. ಬ್ಲಾಕ್ ನೋಡಿಯೂ ಸುಮ್ನೆ ಬಂದಿದ್ದೆ. "ಎಂತ ಸಹ ಆಗುದಿಲ್ಲ ಸರ್" ಎಂದಿದ್ದರು ಮೇಸ್ತ್ರಿ. ಕೆಲವೇ ವರ್ಷದಲ್ಲಿ ಬಾಲ್ಕನಿ ಅಡಿಯ ಕಾಂಕ್ರೀಟ್ ಉದುರಿತು. ತುಕ್ಕು ಹಿಡಿದ ಸರಳು ಉಬ್ಬುತ್ತದೆ, ಕಾಂಕ್ರೀಟನ್ನೇ ಸೀಳುತ್ತದೆ. ಈಗ ನನ್ನ ಬ್ಯಾಗಿನಲ್ಲಿ ಊಟದ ಡಬ್ಬಿಯ ಪಕ್ಕ ನಾಲ್ಕು ಬ್ಲಾಕ್ ಯಾವಾಗಲೂ ಇರುತ್ತವೆ!

ಬಾಲ್ಕನಿ ಎಂದಾಗ ನೆನಪಾಯಿತು. ಅಲ್ಲಿ ಭಾರ ಹೊರುವುದು ಮೇಲಿನ ಸರಳು. ಎಲ್ಲರೂ ಅದನ್ನೇ ತುಳಿದು ಓಡಾಡುತ್ತಾರೆ, ಅದು ಕೆಳಗೆ ಕೂರುತ್ತದೆ. ಅದರ ಅಡಿಗೆ ಚೇರ್ (ಮೇಲಿನ ಸರಳನ್ನು ಎತ್ತಿ ಹಿಡಿಯುವ ಬಗ್ಗಿಸಿದ ಸರಳು) ಕೊಡಿಸಿ, ನಡೆಯಲು ಹಲಗೆ ಹಾಕಿಸಿ.

ಮರುದಿನ ನೀರಿನ ಪೈಪ್ ಹಿಡಿದವರ ಪಕ್ಕದಲ್ಲೇ ನಿಲ್ಲಿ. ಮಿಕ್ಸ್ ಗಟ್ಟಿ ಅನಿಸಿದರೆ ಪ್ಲಾಸ್ಟಿಸೈಜರ್ (ನೀರು ಸೇರಿಸದೆ ಮಿಕ್ಸ್ ಸಡಿಲಗೊಳಿಸುವ ರಾಸಾಯನಿಕ) ಕೇಳಿ, ನೀರು ಬೇಡ. ನೀರು ಜಾಸ್ತಿ ಆದಷ್ಟೂ ಬಲ ಕಡಿಮೆ. ಬಲ ಪರೀಕ್ಷಿಸಲು ಅದೇ ಕಾಂಕ್ರೀಟಿನ 150 ಮಿ.ಮೀ.ನ ಆರು ಕ್ಯೂಬ್ ತೆಗೆದಿಡಿ: ಮೂರು 7 ದಿನಕ್ಕೆ, ಮೂರು 28ಕ್ಕೆ.

ಜೂನ್ ಆದರೆ ಟಾರ್ಪಾಲ್ ಮೊದಲೇ ತರಿಸಿ. ನಮ್ಮೂರ ಮಳೆ ಹೇಳಿ ಬರುವುದಿಲ್ಲ, ಅಲ್ವಾ?