ಜಿಪಿಐಒ ಝೀರೋ ಲೈಬ್ರರಿಯಿಂದ ಎರಡು ಚಕ್ರದ ರೋಬೋಟ್ ಓಡಿಸುವ ಬಗೆ

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಎರಡು ಮೋಟಾರುಗಳನ್ನು ಜೋಡಿಸಿ, ಪೈಥಾನ್ ಭಾಷೆಯಲ್ಲಿ ನಾಲ್ಕೈದು ಸಾಲು ಬರೆದು ರೋಬೋಟ್ ಒಂದನ್ನು ಓಡಿಸುವುದು ಈಗ ಹೈಸ್ಕೂಲು ವಿದ್ಯಾರ್ಥಿಗಳಿಗೂ ಎಟುಕುವ ಕೆಲಸವಾಗಿದೆ. ಅದನ್ನು ಹೀಗೆ ಸುಲಭಗೊಳಿಸಿದ್ದು ಜಿಪಿಐಒ ಝೀರೋ ಎಂಬ ಮುಕ್ತ ಲೈಬ್ರರಿ, ಅಂದರೆ ಎಲ್ಲರೂ ಬಳಸಲೆಂದು ಮೊದಲೇ ಬರೆದಿಟ್ಟ ಕೋಡಿನ ಸಂಗ್ರಹ (ಜಿಪಿಐಒ ಎಂದರೆ ಪೈಗೆ ಹೊರಗಿನ ಉಪಕರಣಗಳನ್ನು ಜೋಡಿಸುವ ಪಿನ್ನುಗಳು). ಬೆನ್ ನಟಾಲ್, ಡೇವ್ ಜೋನ್ಸ್ ಮತ್ತು ಹಲವು ಸ್ವಯಂಸೇವಕರ ಕೊಡುಗೆಯಿಂದ ಬೆಳೆದ ಈ ಲೈಬ್ರರಿಯ ಮೊದಲ ಪೂರ್ಣ ಆವೃತ್ತಿ 2015ರಲ್ಲಿ ಹೊರಬಂದಿತು. ಬಿಎಸ್‌ಡಿ ಪರವಾನಗಿಯಡಿ ಇರುವುದರಿಂದ ಇದರ ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಆದರೆ ಬರೆಯಬೇಕಾದ ಕೋಡ್ ಇಷ್ಟು ಚಿಕ್ಕದಾದಾಗ, ರೋಬೋಟ್ ಓಡದಿದ್ದರೆ ಅದರ ಕಾರಣ ಬಹುಪಾಲು ಕೋಡಿನ ಹೊರಗೆ, ಅಂದರೆ ತಂತಿಯಲ್ಲಿ, ಬ್ಯಾಟರಿಯಲ್ಲಿ ಅಥವಾ ಪಿನ್ ಸಂಖ್ಯೆಯಲ್ಲಿ ಇರುತ್ತದೆ. ಆದ್ದರಿಂದ ಎಲ್ಲವನ್ನೂ ಒಮ್ಮೆಗೇ ಜೋಡಿಸಿ ಸ್ವಿಚ್ ಒತ್ತುವ ಬದಲು, ಒಂದು ಹಂತ ಸರಿಯಾಗಿದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಮುಂದಿನದಕ್ಕೆ ಹೋಗುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಬೇಕಾಗುವ ಸಾಮಗ್ರಿ

40 ಪಿನ್‌ಗಳಿರುವ ಯಾವುದೇ ರಾಸ್ಪ್‌ಬೆರಿ ಪೈ ಸಾಕು. ಝೀರೋ 2 ಡಬ್ಲ್ಯು ಮಾದರಿ ಹಗುರವಾಗಿರುವುದರಿಂದ ಇಂಥ ಕೆಲಸಕ್ಕೆ ಚೆನ್ನಾಗಿ ಹೊಂದುತ್ತದೆ. ಎರಡು ಚಕ್ರ, ಎತ್ತ ಬೇಕಾದರೂ ಹೊರಳುವ ಒಂದು ಪುಟ್ಟ ಆಧಾರ ಚಕ್ರ (ಕ್ಯಾಸ್ಟರ್), ಹಳದಿ ಬಣ್ಣದ ಎರಡು ಟಿಟಿ ಗೇರ್ ಮೋಟಾರುಗಳಿರುವ ಚಾಸಿ ಕಿಟ್ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿಯೂ ಆನ್‌ಲೈನ್ ಮಳಿಗೆಗಳಲ್ಲಿಯೂ ದೊರೆಯುತ್ತದೆ. ಈ ಮೋಟಾರುಗಳು 3ರಿಂದ 6 ವೋಲ್ಟ್‌ನಲ್ಲಿ ತಿರುಗುವಂಥವು. ಇವುಗಳ ಜೊತೆಗೆ ಎಲ್298ಎನ್ ಮೋಟಾರ್ ಡ್ರೈವರ್ ಮಾಡ್ಯೂಲ್, ಎಚ್‌ಸಿ-ಎಸ್‌ಆರ್04 ದೂರ ಅಳೆಯುವ ಸೆನ್ಸರ್, 330 ಮತ್ತು 470 ಓಮ್‌ನ ತಲಾ ಒಂದು ರೆಸಿಸ್ಟರ್, ಜಂಪರ್ ವೈರುಗಳು, ಪೈಗಾಗಿ ಒಂದು ಪವರ್ ಬ್ಯಾಂಕ್, ಮೋಟಾರುಗಳಿಗಾಗಿ 18650 ಗಾತ್ರದ ಎರಡು ಲಿಥಿಯಂ ಸೆಲ್ ಮತ್ತು ಸ್ವಿಚ್ ಇರುವ ಹೋಲ್ಡರ್ ಬೇಕು. ಒಂದು ಮಲ್ಟಿಮೀಟರ್ ಇದ್ದರೆ ಗಂಟೆಗಟ್ಟಲೆ ಸಮಯ ಉಳಿಯುತ್ತದೆ.

ಪೈಯ ಸಂಕೇತದಂತೆ ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಹರಿಸುವ ಡ್ರೈವರ್ ಏಕೆ ಬೇಕೆಂಬುದನ್ನು ಮೊದಲೇ ಅರಿತಿರಬೇಕು. ಪೈಯ ಒಂದು ಪಿನ್ನಿನಿಂದ ಸುರಕ್ಷಿತವಾಗಿ ಪಡೆಯಬಹುದಾದ ವಿದ್ಯುತ್ 16 ಮಿಲಿಆಂಪಿಯರ್ ಮಾತ್ರ, ಆದರೆ ಮೋಟಾರಿಗೆ ಓಡುವಾಗ ನೂರಾರು ಮಿಲಿಆಂಪಿಯರ್ ಬೇಕು, ಚಕ್ರ ಎಲ್ಲಿಯಾದರೂ ಸಿಕ್ಕಿಕೊಂಡರೆ ಇನ್ನೂ ಹೆಚ್ಚು. ಮೋಟಾರನ್ನು ನೇರವಾಗಿ ಪಿನ್ನಿಗೆ ಜೋಡಿಸಿದರೆ ಪೈ ಸುಟ್ಟುಹೋಗುವುದು ಬಹುತೇಕ ಖಚಿತ. ಎಲ್298ಎನ್ ಹಳೆಯ ವಿನ್ಯಾಸದ ಚಿಪ್. ತನ್ನೊಳಗೇ ಸುಮಾರು 2 ವೋಲ್ಟ್ ಕಳೆದು ಅದನ್ನು ಶಾಖವಾಗಿ ಹೊರಹಾಕುತ್ತದೆ. ಎರಡು ಸೆಲ್ಲುಗಳ 7.4 ವೋಲ್ಟ್‌ನಲ್ಲಿ ಆ ನಷ್ಟ ಕಳೆದರೆ ಉಳಿಯುವುದು ಟಿಟಿ ಮೋಟಾರಿಗೆ ತಕ್ಕಷ್ಟೇ ವೋಲ್ಟೇಜ್ ಆದ್ದರಿಂದ ಈ ರೋಬೋಟಿನ ಮಟ್ಟಿಗೆ ತೊಂದರೆಯಿಲ್ಲ. ತಂತಿಗಳನ್ನು ಸ್ಕ್ರೂ ಬಿಗಿದು ಕೂರಿಸಬಹುದು, ಬೆಸುಗೆ ಬೇಕಿಲ್ಲ ಎಂಬ ಕಾರಣಕ್ಕೆ ಮೊದಲ ರೋಬೋಟಿಗೆ ಇದನ್ನೇ ಶಿಫಾರಸು ಮಾಡುತ್ತೇನೆ. ಬ್ಯಾಟರಿ ಹೆಚ್ಚು ಹೊತ್ತು ಬಾಳಬೇಕೆನ್ನುವವರು ಮುಂದೆ ಟಿಬಿ6612 ಚಿಪ್ ಇರುವ ಡ್ರೈವರಿಗೆ ಬದಲಾಗಬಹುದು.

ತಂತಿ ಜೋಡಣೆ

ಪಿನ್ನುಗಳಿಗೆ ಎರಡು ಬಗೆಯ ಸಂಖ್ಯೆಗಳಿವೆ: ಬೋರ್ಡಿನ ಮೇಲೆ ಎಣಿಸುತ್ತ ಹೋದರೆ ಸಿಗುವ 1ರಿಂದ 40ರ ಸ್ಥಾನ ಸಂಖ್ಯೆ ಒಂದು, ಚಿಪ್ಪಿನ ಒಳಗಿನ ಜಿಪಿಐಒ ಸಂಖ್ಯೆ ಇನ್ನೊಂದು. ಲೈಬ್ರರಿ ಬಳಸುವುದು ಎರಡನೆಯದನ್ನು. ಜಿಪಿಐಒ 17 ಇರುವುದು 11ನೆಯ ಸ್ಥಾನದಲ್ಲಿ, ಜಿಪಿಐಒ 27 ಇರುವುದು 13ನೆಯ ಸ್ಥಾನದಲ್ಲಿ. ಟರ್ಮಿನಲ್‌ನಲ್ಲಿ ಪಿನ್‌ಔಟ್ ಎಂಬ ಆಜ್ಞೆ ಕೊಟ್ಟರೆ ನಿಮ್ಮ ಬೋರ್ಡಿನ ಚಿತ್ರವೇ ಎರಡೂ ಸಂಖ್ಯೆಗಳೊಂದಿಗೆ ಮೂಡುತ್ತದೆ. ಅದು ಇದೇ ಲೈಬ್ರರಿಯ ಜೊತೆಗೆ ಬರುವ ಸೌಲಭ್ಯ.

ಎಡ ಮೋಟಾರಿಗೆ ಜಿಪಿಐಒ 17 ಮತ್ತು 27, ಬಲ ಮೋಟಾರಿಗೆ ಜಿಪಿಐಒ 22 ಮತ್ತು 23 (ಸ್ಥಾನ 15 ಮತ್ತು 16) ಎಂದು ಇಟ್ಟುಕೊಳ್ಳೋಣ. ಇವನ್ನೇ ಆರಿಸಿದ್ದಕ್ಕೆ ಕಾರಣವಿದೆ. ಪೈ ಚಾಲೂ ಆಗುವಾಗ, ನಿಮ್ಮ ಪ್ರೋಗ್ರಾಂ ಶುರುವಾಗುವ ಮೊದಲೇ, ಜಿಪಿಐಒ 0ರಿಂದ 8ರವರೆಗಿನ ಪಿನ್ನುಗಳು ಸಹಜವಾಗಿ ಮೇಲ್ಮಟ್ಟದಲ್ಲಿಯೂ 9ರಿಂದ 27ರವರೆಗಿನವು ಕೆಳಮಟ್ಟದಲ್ಲಿಯೂ ಇರುತ್ತವೆ. ಒಂದು ಮೋಟಾರನ್ನು ನಿಯಂತ್ರಿಸುವ ಎರಡು ಪಿನ್ನುಗಳಲ್ಲಿ ಒಂದು ಮೊದಲ ಗುಂಪಿಗೂ ಇನ್ನೊಂದು ಎರಡನೆಯ ಗುಂಪಿಗೂ ಸೇರಿದ್ದರೆ, ಪೈ ಎಚ್ಚರಗೊಳ್ಳುವಷ್ಟರಲ್ಲಿ ರೋಬೋಟ್ ಮೇಜಿನಿಂದ ಜಿಗಿಯಬಹುದು.

ಈ ನಾಲ್ಕು ಪಿನ್ನುಗಳನ್ನು ಡ್ರೈವರಿನ ಇನ್ 1ರಿಂದ ಇನ್ 4ರವರೆಗಿನ ಪಿನ್ನುಗಳಿಗೆ ಕ್ರಮವಾಗಿ ಜೋಡಿಸಬೇಕು. ಎನೇಬಲ್ ಪಿನ್ನುಗಳ ಮೇಲಿರುವ ಎರಡು ಜಂಪರ್ ಟೋಪಿಗಳನ್ನೂ 5 ವೋಲ್ಟ್ ರೆಗ್ಯುಲೇಟರಿನ ಟೋಪಿಯನ್ನೂ ಹಾಗೆಯೇ ಬಿಡಬೇಕು. ಬ್ಯಾಟರಿಯ ಧನ ತಂತಿ ಡ್ರೈವರಿನ 12 ವೋಲ್ಟ್ ಎಂದು ಬರೆದಿರುವ ಸ್ಕ್ರೂವಿಗೆ, ಋಣ ತಂತಿ ಗ್ರೌಂಡ್ ಸ್ಕ್ರೂವಿಗೆ. ಅದೇ ಗ್ರೌಂಡ್ ಸ್ಕ್ರೂವಿನಿಂದ ಇನ್ನೊಂದು ತಂತಿಯನ್ನು ಪೈಯ 14ನೆಯ ಸ್ಥಾನದ ಗ್ರೌಂಡ್ ಪಿನ್ನಿಗೆ ತರಲೇಬೇಕು. ಎರಡು ಪ್ರತ್ಯೇಕ ವಿದ್ಯುತ್ ಮೂಲಗಳಿರುವಾಗ ಗ್ರೌಂಡ್ ಒಂದೇ ಆಗಿರದಿದ್ದರೆ ಪೈ ಕಳಿಸುವ 3.3 ವೋಲ್ಟ್ ಸಂಕೇತಕ್ಕೆ ಡ್ರೈವರಿನ ಮಟ್ಟಿಗೆ ಅರ್ಥವೇ ಇರುವುದಿಲ್ಲ. ಎಲ್ಲವೂ ಸರಿಯಾಗಿ ಕಂಡರೂ ಚಕ್ರ ಅಲುಗದಿರುವುದಕ್ಕೆ ತೀರ ಸಾಮಾನ್ಯವಾದ ಕಾರಣ ಇದೇ. ಡ್ರೈವರಿನ 5 ವೋಲ್ಟ್ ಸ್ಕ್ರೂವಿನಿಂದ ಪೈಗೆ ವಿದ್ಯುತ್ ಕೊಡುವ ಆಸೆ ಮಾತ್ರ ಬೇಡ. ಆ ಪುಟ್ಟ ರೆಗ್ಯುಲೇಟರಿಗೆ ಅಷ್ಟು ಶಕ್ತಿಯಿಲ್ಲ, ಮೋಟಾರ್ ತಿರುಗತೊಡಗಿದ ಕ್ಷಣದಲ್ಲಿ ವೋಲ್ಟೇಜ್ ಕುಸಿದು ಪೈ ಮರುಚಾಲನೆಗೊಳ್ಳುತ್ತದೆ.

ಲಿಥಿಯಂ ಸೆಲ್ಲುಗಳ ಎರಡು ತುದಿ ತಾಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ರಕ್ಷಣಾ ಸರ್ಕ್ಯೂಟ್ ಇರುವ ಸೆಲ್ಲುಗಳನ್ನೇ ಕೊಂಡು, ಅವಕ್ಕಾಗಿಯೇ ಇರುವ ಚಾರ್ಜರಿನಲ್ಲಿ ಚಾರ್ಜ್ ಮಾಡಿ, ಜೋಡಣೆಯೆಲ್ಲ ಮುಗಿಯುವ ತನಕ ಹೋಲ್ಡರಿನಿಂದ ಹೊರಗೇ ಇಡಬೇಕು. ಮಕ್ಕಳು ಈ ಕೆಲಸದಲ್ಲಿದ್ದರೆ ಈ ಹಂತದಲ್ಲಿ ದೊಡ್ಡವರೊಬ್ಬರು ಜೊತೆಗಿರಲಿ.

ಲೈಬ್ರರಿ ಮತ್ತು ಮೊದಲ ಪರೀಕ್ಷೆ

ರಾಸ್ಪ್‌ಬೆರಿ ಪೈ ಓಎಸ್‌ನ ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಲೈಬ್ರರಿ ಮೊದಲೇ ಇರುತ್ತದೆ. ಲೈಟ್ ಆವೃತ್ತಿಯಲ್ಲಿ ತಂತ್ರಾಂಶ ಸ್ಥಾಪಿಸುವ ಆ್ಯಪ್ಟ್ ಎಂಬ ಆಜ್ಞೆಯ ಮೂಲಕ ಪೈಥಾನ್3-ಜಿಪಿಐಒಝೀರೋ ಎಂಬ ಪ್ಯಾಕೇಜನ್ನು ಸ್ಥಾಪಿಸಬೇಕು. ಪೈ 5ರಲ್ಲಿ ಪಿನ್ನುಗಳನ್ನು ನೋಡಿಕೊಳ್ಳುವ ಚಿಪ್ಪೇ ಬೇರೆಯಾದ್ದರಿಂದ ಹಳೆಯ ಪಾಠಗಳಲ್ಲಿ ಕಾಣುವ ಆರ್‌ಪಿಐ ಜಿಪಿಐಒ ಮತ್ತು ಪಿಗ್‌ಪಿಐಒ ಎಂಬ ಲೈಬ್ರರಿಗಳು ಅದರಲ್ಲಿ ಕೆಲಸ ಮಾಡುವುದಿಲ್ಲ. ಜಿಪಿಐಒ ಝೀರೋದ 2ನೆಯ ಆವೃತ್ತಿ ಪಿನ್ನುಗಳನ್ನು ನಡೆಸುವ ಎಲ್‌ಜಿಪಿಐಒ ಎಂಬ ಹೊಸ ಲೈಬ್ರರಿಯನ್ನು ತಾನಾಗಿಯೇ ಆರಿಸಿಕೊಳ್ಳುವುದರಿಂದ ನಿಮ್ಮ ಕೋಡ್ ಬದಲಾಗಬೇಕಿಲ್ಲ. ಈ ಲೈಬ್ರರಿಯನ್ನು ನಾನು ಮೆಚ್ಚುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಕಾರಣ, ಕೈಯಲ್ಲಿ ರೋಬೋಟ್ ಇಲ್ಲದೆಯೂ ಕೋಡನ್ನು ಪರೀಕ್ಷಿಸಬಹುದು. ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಲೈಬ್ರರಿಯನ್ನು ಸ್ಥಾಪಿಸಿ, ಅದರೊಳಗಿನ ಮಾಕ್‌ಫ್ಯಾಕ್ಟರಿ ಎಂಬ ಕ್ಲಾಸನ್ನು (ಕ್ಲಾಸ್ ಎಂದರೆ ಕೋಡಿನಲ್ಲಿ ಒಂದು ವಸ್ತುವಿನ ಅಚ್ಚು) ಮಾಕ್‌ಪಿಡಬ್ಲ್ಯುಎಂಪಿನ್ ಎಂಬ ಪಿನ್ ಬಗೆಯೊಂದಿಗೆ ಡಿವೈಸ್ ಕ್ಲಾಸಿನ ಪಿನ್ ಫ್ಯಾಕ್ಟರಿಯಾಗಿ, ಅಂದರೆ ಪಿನ್ನುಗಳನ್ನು ಒದಗಿಸುವ ಭಾಗವಾಗಿ, ನೇಮಿಸಿದರೆ, ಇಲ್ಲದ ಪಿನ್ನುಗಳು ಇರುವಂತೆಯೇ ವರ್ತಿಸುತ್ತವೆ. ಪೈ ಇರುವುದು ಒಂದೇ, ವಿದ್ಯಾರ್ಥಿಗಳು ಇಪ್ಪತ್ತು ಎಂಬಂಥ ಶಾಲೆಯಲ್ಲಿ ಇದರ ಬೆಲೆ ದೊಡ್ಡದು.

ಪ್ರೋಗ್ರಾಂ ಹೀಗಿರುತ್ತದೆ. ಮೊದಲ ಸಾಲಿನಲ್ಲಿ ಲೈಬ್ರರಿಯಿಂದ ರೋಬೋಟ್ ಮತ್ತು ಮೋಟಾರ್ ಎಂಬ ಕ್ಲಾಸುಗಳನ್ನೂ ಎರಡನೆಯದರಲ್ಲಿ ಟೈಮ್ ಮಾಡ್ಯೂಲಿನಿಂದ ಸ್ಲೀಪ್ ಎಂಬ ಫಂಕ್ಷನ್ನನ್ನೂ ಆಮದು ಮಾಡಿಕೊಳ್ಳಬೇಕು. ಮೂರನೆಯ ಸಾಲಿನಲ್ಲಿ ರೋಬೋಟ್ ಕ್ಲಾಸಿನ ಲೆಫ್ಟ್ ಎಂಬ ಆರ್ಗ್ಯುಮೆಂಟಿಗೆ 17 ಮತ್ತು 27ರ ಮೋಟಾರನ್ನೂ ರೈಟ್ ಎಂಬುದಕ್ಕೆ 22 ಮತ್ತು 23ರ ಮೋಟಾರನ್ನೂ ಕೊಟ್ಟು ಒಂದು ಆಬ್ಜೆಕ್ಟ್ ರಚಿಸಬೇಕು. ಲೈಬ್ರರಿಯ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬೆರಳಚ್ಚಿಸಬೇಕು, ಕ್ಲಾಸಿನ ಮೊದಲಕ್ಷರ ದೊಡ್ಡದಾಗಿರಬೇಕು. ಆದರೆ ನೀವು ಕೊಡುವ ಹೆಸರು ಕನ್ನಡ ಲಿಪಿಯಲ್ಲಿದ್ದರೂ ಪೈಥಾನ್ 3 ಒಪ್ಪುತ್ತದೆ, ಹಾಗಾಗಿ ಆಬ್ಜೆಕ್ಟನ್ನು ‘ಗಾಡಿ’ ಎಂದೇ ಕರೆಯಬಹುದು. ನಂತರ ಗಾಡಿಗೆ ಫಾರ್ವರ್ಡ್ ಎಂಬ ಮೆಥಡ್ ಅನ್ನು, ಅಂದರೆ ಮುಂದೆ ಹೋಗುವ ಆಜ್ಞೆಯನ್ನು, 0.5 ವೇಗದೊಂದಿಗೆ ಕೊಟ್ಟು, ಒಂದು ಸೆಕೆಂಡ್ ಸ್ಲೀಪ್ ಹಾಕಿ, ಕೊನೆಯಲ್ಲಿ ಸ್ಟಾಪ್ ಕೊಡಬೇಕು. ಕಡತಕ್ಕೆ ಲೈಬ್ರರಿಯ ಹೆಸರನ್ನೇ ಇಡಬಾರದು. ಹಾಗೆ ಇಟ್ಟರೆ ಪೈಥಾನ್ ಲೈಬ್ರರಿಯ ಬದಲು ನಿಮ್ಮ ಕಡತವನ್ನೇ ಆಮದು ಮಾಡಿಕೊಂಡು ದೋಷ ತೋರಿಸುತ್ತದೆ.

ಮೊದಲ ಸಲ ಓಡಿಸುವಾಗ ಚಾಸಿಯನ್ನು ಒಂದು ಡಬ್ಬದ ಮೇಲಿಟ್ಟು ಚಕ್ರಗಳು ನೆಲಕ್ಕೆ ತಾಗದಂತೆ ನೋಡಿಕೊಳ್ಳಬೇಕು. ಒಂದು ಚಕ್ರ ಹಿಂದಕ್ಕೆ ತಿರುಗಿದರೆ ಆ ಮೋಟಾರಿನ ಪಿನ್ ಸಂಖ್ಯೆಗಳನ್ನು ಕೋಡಿನಲ್ಲಿ ಅದಲುಬದಲು ಮಾಡಿದರೆ ಸಾಕು, ತಂತಿ ಬಿಚ್ಚಬೇಕಿಲ್ಲ. ಎಡಬಲ ಅದಲುಬದಲಾಗಿದೆಯೇ ಎಂದು ತಿಳಿಯಲು ಲೆಫ್ಟ್ ಮೆಥಡ್ ಕೊಟ್ಟು ನೋಡಬೇಕು: ಎಡ ಚಕ್ರ ಹಿಂದಕ್ಕೂ ಬಲ ಚಕ್ರ ಮುಂದಕ್ಕೂ ತಿರುಗಬೇಕು, ಅಂದರೆ ನೆಲದ ಮೇಲೆ ರೋಬೋಟ್ ನಿಂತಲ್ಲೇ ಎಡಕ್ಕೆ ತಿರುಗುತ್ತದೆ. ಪ್ರೋಗ್ರಾಂ ಮುಗಿದೊಡನೆ ಲೈಬ್ರರಿ ಪಿನ್ನುಗಳನ್ನು ಬಿಟ್ಟುಕೊಡುವುದರಿಂದ ಮೋಟಾರುಗಳೂ ನಿಲ್ಲುತ್ತವೆ. ಮುಂದೆ ಘಟನೆಗಳಿಗಾಗಿ ಕಾಯುವ ಪ್ರೋಗ್ರಾಂ ಬರೆಯುವಾಗ ಪ್ರೋಗ್ರಾಂ ಮುಗಿಯದಂತೆ ತಡೆಯುವ, ಸಿಗ್ನಲ್ ಮಾಡ್ಯೂಲಿನ ಪಾಝ್ (pause) ಫಂಕ್ಷನ್ನನ್ನು ಕೊನೆಯ ಸಾಲಿನಲ್ಲಿ ಹಾಕುವುದು ಇದಕ್ಕಾಗಿಯೇ.

ನೇರವಾಗಿ ಓಡಿಸುವುದು

ನೆಲಕ್ಕಿಳಿಸಿದಾಗ ರೋಬೋಟ್ ನೇರವಾಗಿ ಹೋಗುವುದಿಲ್ಲ. ಒಂದೇ ಪೆಟ್ಟಿಗೆಯಿಂದ ತೆಗೆದ ಎರಡು ಅಗ್ಗದ ಮೋಟಾರುಗಳು ಒಂದೇ ವೇಗದಲ್ಲಿ ತಿರುಗುವುದು ಅಪರೂಪ. ರೋಬೋಟ್ ಎಡಕ್ಕೆ ವಾಲುತ್ತಿದ್ದರೆ ಬಲ ಮೋಟಾರ್ ಚುರುಕಾಗಿದೆ ಎಂದರ್ಥ, ಆಗ ಫಾರ್ವರ್ಡ್ ಮೆಥಡ್ಡಿಗೆ ಕರ್ವ್ ರೈಟ್ ಎಂಬ ಆರ್ಗ್ಯುಮೆಂಟನ್ನೂ ಕೊಡಬೇಕು. ವೇಗ 0.6, ಕರ್ವ್ ರೈಟ್ 0.1 ಎಂದು ಕೊಟ್ಟರೆ ಎಡ ಮೋಟಾರಿಗೆ 0.6, ಬಲ ಮೋಟಾರಿಗೆ ಅದರ ಹತ್ತನೆಯ ಒಂದು ಪಾಲು ಕಡಿಮೆ, ಅಂದರೆ 0.54 ಸಿಗುತ್ತದೆ. ಮಾಕ್ ಪಿನ್ನುಗಳ ಮೇಲೆ ಓಡಿಸಿ ಗಾಡಿಯ ವ್ಯಾಲ್ಯೂ ಎಂಬ ಗುಣವನ್ನು ಮುದ್ರಿಸಿದರೆ ಈ ಎರಡು ಅಂಕಿಗಳನ್ನೇ ಕಾಣಬಹುದು. ಈ ಲೆಕ್ಕ ಎಲ್ಲಿ ನಡೆಯುತ್ತದೆಂದು ತಿಳಿಯಬೇಕಿದ್ದರೆ ಲೈಬ್ರರಿಯ ಬೋರ್ಡ್ಸ್ ಎಂಬ ಕಡತವನ್ನು ತೆರೆದು ರೋಬೋಟ್ ಕ್ಲಾಸನ್ನು ಓದಿ. ಮುಕ್ತ ತಂತ್ರಾಂಶ ಕೊಡುವ ದೊಡ್ಡ ಅವಕಾಶ ಅದು. ಆ ಕೋಡ್ ಉದ್ದವೂ ಅಲ್ಲ, ಕಠಿಣವೂ ಅಲ್ಲ, ಪೈಥಾನ್ ಕಲಿಯುತ್ತಿರುವವರಿಗೆ ಯಾವ ಪಾಠಕ್ಕೂ ಕಡಿಮೆಯಲ್ಲ.

ನೆಲ ಬದಲಾದರೆ, ಬ್ಯಾಟರಿ ಇಳಿದರೆ ಈ ಅಂಕಿಯೂ ಬದಲಾಗುತ್ತದೆ. ವೇಗ ತೀರ ಕಡಿಮೆಯಾದರೆ ಮೋಟಾರ್ ಗುಂಯ್ಗುಡುತ್ತದೆಯೇ ಹೊರತು ತಿರುಗುವುದಿಲ್ಲ, ಆದ್ದರಿಂದ ನಿಮ್ಮ ರೋಬೋಟ್ ಹೊರಡುವ ಕನಿಷ್ಠ ವೇಗವನ್ನು ನೆಲದ ಮೇಲೆಯೇ ಪರೀಕ್ಷಿಸಿ ಬರೆದಿಟ್ಟುಕೊಳ್ಳಬೇಕು.

ಅಡ್ಡಿಯನ್ನು ಕಂಡು ತಿರುಗುವುದು

ಎಚ್‌ಸಿ-ಎಸ್‌ಆರ್04 ಸೆನ್ಸರ್ 40 ಕಿಲೋಹರ್ಟ್ಸ್‌ನ, ನಮ್ಮ ಕಿವಿಗೆ ಕೇಳದ ಸದ್ದನ್ನು ಹೊರಡಿಸಿ, ಪ್ರತಿಧ್ವನಿ ಮರಳುವ ಸಮಯದಿಂದ ದೂರವನ್ನು ತಿಳಿಸುತ್ತದೆ. ಇದಕ್ಕೆ ಪೈಯಿಂದ 5 ವೋಲ್ಟ್ ಮತ್ತು ಗ್ರೌಂಡ್ ಕೊಟ್ಟು, ಟ್ರಿಗರ್ ಪಿನ್ನನ್ನು ಜಿಪಿಐಒ 24ಕ್ಕೆ ನೇರವಾಗಿ ಜೋಡಿಸಬೇಕು. ಎಕೋ ಪಿನ್ನನ್ನು ಹಾಗೆ ಜೋಡಿಸಬಾರದು. ಅದರಿಂದ ಬರುವುದು 5 ವೋಲ್ಟ್, ಪೈಯ ಪಿನ್ ತಾಳಿಕೊಳ್ಳುವುದು 3.3 ವೋಲ್ಟ್ ಮಾತ್ರ. ಎಕೋದಿಂದ 330 ಓಮ್ ರೆಸಿಸ್ಟರ್ ಮೂಲಕ ಜಿಪಿಐಒ 25ಕ್ಕೂ, ಅಲ್ಲಿಂದ 470 ಓಮ್ ರೆಸಿಸ್ಟರ್ ಮೂಲಕ ಗ್ರೌಂಡಿಗೂ ತಂತಿ ಎಳೆದರೆ ಪಿನ್ನಿಗೆ ತಲುಪುವುದು ಸುಮಾರು 2.9 ವೋಲ್ಟ್.

ಕೋಡಿನಲ್ಲಿ ಡಿಸ್ಟೆನ್ಸ್‌ಸೆನ್ಸರ್ ಕ್ಲಾಸಿಗೆ ಮೊದಲು ಎಕೋ, ಆಮೇಲೆ ಟ್ರಿಗರ್ ಸಂಖ್ಯೆ ಕೊಡಬೇಕು; ಕ್ರಮ ತಪ್ಪದಿರಲು ಹೆಸರು ಹಿಡಿದೇ ಕೊಡುವುದು ಒಳ್ಳೆಯದು. ದೂರ ಮೀಟರಿನಲ್ಲಿ ಸಿಗುತ್ತದೆ, ಬೇರೆ ಹೇಳದಿದ್ದರೆ 1 ಮೀಟರಿಗಿಂತ ಆಚೆಗಿನದೆಲ್ಲ 1 ಎಂದೇ ಕಾಣುತ್ತದೆ. ವೆನ್ ಇನ್ ರೇಂಜ್ ಎಂಬ ಗುಣಕ್ಕೆ ಗಾಡಿಯ ಸ್ಟಾಪ್ ಮೆಥಡ್ ಅನ್ನು ಆವರಣ ಚಿಹ್ನೆಯಿಲ್ಲದೆ ನೇಮಿಸಿದರೆ, 30 ಸೆಂಟಿಮೀಟರ್ ಒಳಗೆ ಅಡ್ಡಿ ಬಂದೊಡನೆ ರೋಬೋಟ್ ನಿಲ್ಲುತ್ತದೆ. ನಿಂತು, ಹಿಂದೆ ಸರಿದು, ತಿರುಗಿ ಮತ್ತೆ ಹೊರಡಬೇಕಾದರೆ ಘಟನೆಗಳಿಗಿಂತ ಒಂದು ವೈಲ್ ಲೂಪ್ ಸರಳ: ದೂರ 0.3ಕ್ಕಿಂತ ಕಡಿಮೆಯಿದ್ದರೆ ಅರ್ಧ ಸೆಕೆಂಡ್ ಹಿಂದಕ್ಕೆ, ಆಮೇಲೆ ಅಷ್ಟೇ ಹೊತ್ತು ಬಲಕ್ಕೆ, ಇಲ್ಲದಿದ್ದರೆ ಮುಂದಕ್ಕೆ. ಲೈಬ್ರರಿ ಹಲವು ಅಳತೆಗಳ ಮಧ್ಯಾಂಕ ತೆಗೆದುಕೊಳ್ಳುವುದರಿಂದ ಸುದ್ದಿ ತುಸು ತಡವಾಗಿ ಬರುತ್ತದೆ. ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದರೆ ಆ ಅಳತೆಗಳ ಸಂಖ್ಯೆಯನ್ನು ಹೇಳುವ ಕ್ಯೂ ಲೆನ್ ಎಂಬ ಆರ್ಗ್ಯುಮೆಂಟನ್ನು 3ಕ್ಕೆ ಇಳಿಸಿ, ಇಲ್ಲವೇ ವೇಗ ತಗ್ಗಿಸಿ. ಪರದೆ, ದಿಂಬುಗಳಂಥ ಮೆತ್ತನೆಯ ವಸ್ತುಗಳು ಸದ್ದನ್ನು ಹೀರಿಕೊಳ್ಳುತ್ತವೆ, ಓರೆಯಾದ ಗೋಡೆ ಅದನ್ನು ಬೇರೆಡೆಗೆ ತಳ್ಳುತ್ತದೆ. ಇವೆರಡನ್ನೂ ಈ ಸೆನ್ಸರ್ ಕಾಣದಿರುವುದು ಅದರ ದೋಷವಲ್ಲ, ಸ್ವಭಾವ.

ಫೋನಿನಿಂದ ಓಡಿಸಬಯಸುವವರಿಗೆ ಮಾರ್ಟಿನ್ ಓಹ್ಯಾನ್ಲನ್ ರೂಪಿಸಿದ ಬ್ಲೂ ಡಾಟ್ ಎಂಬ ಮುಕ್ತ ಲೈಬ್ರರಿಯೂ ಆ್ಯಂಡ್ರಾಯ್ಡ್ ಆ್ಯಪ್ ಕೂಡ ಇವೆ. ಪರದೆಯ ನೀಲಿ ವೃತ್ತದ ಮೇಲ್ಭಾಗ ಒತ್ತಿದರೆ ಮುಂದಕ್ಕೆ, ಬದಿ ಒತ್ತಿದರೆ ತಿರುವು ಎಂದು ಗಾಡಿಯ ಮೆಥಡ್ಡುಗಳನ್ನೇ ಅದಕ್ಕೆ ಜೋಡಿಸಬಹುದು. ವೆನ್ ಕ್ಲೈಂಟ್ ಡಿಸ್‌ಕನೆಕ್ಟ್ಸ್ ಎಂಬ ಗುಣಕ್ಕೆ ಸ್ಟಾಪ್ ನೇಮಿಸುವುದನ್ನು ಮರೆಯಬಾರದು, ಇಲ್ಲದಿದ್ದರೆ ಬ್ಲೂಟೂತ್ ಸಂಪರ್ಕ ತಪ್ಪಿದಾಗ ರೋಬೋಟ್ ಕೊನೆಯ ಆಜ್ಞೆಯಂತೆ ಓಡುತ್ತಲೇ ಇರುತ್ತದೆ.

ಆಟ ಮುಗಿದಾಗ ಮೊದಲು ಮೋಟಾರ್ ಬ್ಯಾಟರಿಯ ಸ್ವಿಚ್ ಆರಿಸಿ, ಆಮೇಲೆ ಶಟ್‌ಡೌನ್ ಆಜ್ಞೆ ಕೊಟ್ಟು, ಪೈಯ ಹಸಿರು ದೀಪ ಮಿನುಗುವುದು ನಿಂತ ಮೇಲೆ ಪವರ್ ಬ್ಯಾಂಕನ್ನು ತೆಗೆಯಬೇಕು. ನೇರವಾಗಿ ವಿದ್ಯುತ್ ಕಿತ್ತರೆ ಎಸ್‌ಡಿ ಕಾರ್ಡಿನಲ್ಲಿರುವ ಕಡತಗಳು ಕೆಡಬಹುದು. ಕೆಲವು ದಿನ ಬಳಸುವುದಿಲ್ಲವಾದರೆ ಲಿಥಿಯಂ ಸೆಲ್ಲುಗಳನ್ನು ಹೋಲ್ಡರಿನಿಂದ ಹೊರತೆಗೆದು ಬೇರೆ ಬೇರೆಯಾಗಿ ಇಡಬೇಕು.