ಹಳೇ ಮಿಲಿಟರಿ ಲಾರಿ: ಅಸಲಿ ಭಾಗ ಯಾವುದು, ಆಮೇಲೆ ಸೇರಿದ್ದು ಯಾವುದು?

ಹಳೇ ಮಿಲಿಟರಿ ಲಾರಿ ಕೈಗೆ ಬಂದ ಕೂಡಲೇ ಅದನ್ನು ತೊಳೆಯಲು ಹೋಗಬೇಡಿ. ಬಣ್ಣ ಕೆರೆಯುವುದಂತೂ ಬೇಡವೇ ಬೇಡ. ಯಾವ ಭಾಗ ಕಾರ್ಖಾನೆಯಿಂದಲೇ ಬಂದದ್ದು, ಯಾವುದು ಆಮೇಲೆ ಸೇರಿದ್ದು ಎಂದು ತಿಳಿಸುವ ಗುರುತುಗಳೆಲ್ಲ ಆ ಗ್ರೀಸು, ಕೊಳೆ, ಹಳೇ ಬಣ್ಣದ ಅಡಿಯಲ್ಲೇ ಇರುತ್ತವೆ. ಒಮ್ಮೆ ಸ್ಯಾಂಡ್‌ಬ್ಲಾಸ್ಟ್ (ರಭಸದಿಂದ ಮರಳು ಎರಚಿ ಬಣ್ಣ, ತುಕ್ಕು ತೆಗೆಯುವುದು) ಮಾಡಿಸಿದರೆ ಮುಗಿಯಿತು, ಎಷ್ಟೋ ಗುರುತು ಮತ್ತೆ ಸಿಗುವುದಿಲ್ಲ. ಮೊದಲು ಪ್ರತಿ ಮೂಲೆಯ ಫೋಟೊ ತೆಗೆಯಿರಿ.

ಉದಾಹರಣೆಗೆ ಜಿಎಂಸಿ ಸಿಸಿಕೆಡಬ್ಲ್ಯು ಲಾರಿಯನ್ನೇ ನೋಡೋಣ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಸಾಮಾನು ಸಾಗಿಸಿದ್ದು ಬಹುಪಾಲು ಈ ಎರಡೂವರೆ ಟನ್ ಲಾರಿಯಲ್ಲಿ. 1941ರಿಂದ 1945ರವರೆಗೆ ಐದು ಲಕ್ಷಕ್ಕೂ ಜಾಸ್ತಿ ತಯಾರಾದವು. ಹೆಸರಿನಲ್ಲೇ ಅರ್ಧ ಜಾತಕ ಇದೆ. ಮೊದಲ ಸಿ ಅಂದರೆ 1941ರ ವಿನ್ಯಾಸ, ಎರಡನೇ ಸಿ ಅಂದರೆ ಎಂಜಿನ್ನಿನ ಹಿಂದೆ ಇರುವ ಮಾಮೂಲಿ ಕ್ಯಾಬಿನ್, ಕೆ ಅಂದರೆ ಮುಂದಿನ ಚಕ್ರಗಳಿಗೂ ಎಳೆಯುವ ಬಲ, ಡಬ್ಲ್ಯು ಅಂದರೆ ಹಿಂದೆ ಎರಡು ಆಕ್ಸಲ್. ಈ ಅಕ್ಷರಗಳ ನಂತರ 353 ಇದ್ದರೆ ಚಕ್ರಗಳ ಅಂತರ (ಮುಂದಿನ ಆಕ್ಸಲ್‌ನಿಂದ ಹಿಂದಿನ ಎರಡು ಆಕ್ಸಲ್‌ಗಳ ನಡುಮಧ್ಯದವರೆಗೆ) 164 ಇಂಚು, 352 ಇದ್ದರೆ 145 ಇಂಚು. ಟೇಪ್ ಹಿಡಿದು ಅಳೆಯಿರಿ.

ಪ್ಲೇಟ್ ಓದಿ, ಆದರೆ ಪೂರ್ತಿ ನಂಬಬೇಡಿ

ಡ್ಯಾಶ್‌ಬೋರ್ಡಿನ ಲೋಹದ ಪ್ಲೇಟ್‌ನಲ್ಲಿ ಸೀರಿಯಲ್ ನಂಬರ್ ಮತ್ತು ಸೇನೆಗೆ ಒಪ್ಪಿಸಿದ ದಿನಾಂಕ ಇರುತ್ತದೆ. ಇಂಥ ಪ್ಲೇಟ್‌ಗಳ ನಕಲು ಇವತ್ತು ಧಾರಾಳವಾಗಿ ಸಿಗುತ್ತವೆ. ಹಾಗಾಗಿ ರಿವೆಟ್ ನೋಡಿ. ಸುತ್ತಲೂ ಹಳೇ ಬಣ್ಣ ಕಟ್ಟಿಕೊಂಡಿದೆಯಾ, ಇಲ್ಲಾ ಹೊಳೆಯುವ ಹೊಸ ರಿವೆಟ್ಟಾ? ನಂಬರನ್ನು ಚಾಸಿಸ್ ಮೇಲೆ ಒತ್ತಿದ ನಂಬರಿನ ಜೊತೆ ತಾಳೆ ನೋಡಿ. ಎರಡೂ ಹೊಂದಿದರೆ, ಪ್ಲೇಟಿನ ದಿನಾಂಕವೇ ಮುಂದಿನ ಎಲ್ಲ ಕೆಲಸಕ್ಕೂ ಅಳತೆಗೋಲು.

ಈಗ ಎರಕದ ಭಾಗಗಳಿಗೆ ಬನ್ನಿ. ಎಂಜಿನ್ ಬ್ಲಾಕ್, ಗೇರ್‌ಬಾಕ್ಸ್, ಆಕ್ಸಲ್ಲಿನ ಹೌಸಿಂಗ್ (ಹೊರಕವಚ) ಮೇಲೆ ವೈರ್ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ. ಉಬ್ಬಿದ ಅಕ್ಷರಗಳು ಕಾಣುತ್ತವೆ. ಜನರಲ್ ಮೋಟಾರ್ಸ್‌ನ ಎರಕಗಳಲ್ಲಿ ಹೆಚ್ಚಾಗಿ ತಿಂಗಳಿಗೆ ಒಂದು ಅಕ್ಷರ, ಆಮೇಲೆ ತಾರೀಖು, ಕೊನೆಗೆ ವರ್ಷದ ಕೊನೇ ಅಂಕಿ. ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್. ‘ಡಿ 12 3’ ಎಂದಿದ್ದರೆ 1943ರ ಏಪ್ರಿಲ್ 12. ಎರಕದ ದಿನಾಂಕ ಪ್ಲೇಟಿನ ದಿನಾಂಕಕ್ಕಿಂತ ಸ್ವಲ್ಪ ಹಿಂದಿನದಾಗಿರಬೇಕು. ನಂತರದ್ದಾಗಿದ್ದರೆ ಆ ಭಾಗ ಆಮೇಲೆ ಬಂದದ್ದು, ಅನುಮಾನವೇ ಬೇಡ.

ಹಾಗಂತ ಅದನ್ನು ಕಿತ್ತು ಬಿಸಾಡಬೇಡಿ. ಸೇನೆಯ ವರ್ಕ್‌ಶಾಪುಗಳಲ್ಲಿ ಎಂಜಿನ್ ಬಿಚ್ಚಿ ಬೇರೆ ಎಂಜಿನ್ ಕೂರಿಸುವುದು ದಿನದ ಕೆಲಸವಾಗಿತ್ತು. ಯುದ್ಧದಲ್ಲೇ ಬದಲಾದ ಎಂಜಿನ್ ಕೂಡ ಆ ಲಾರಿಯ ಬದುಕಿನ ಭಾಗವೇ. ನಾನಾಗಿದ್ದರೆ ಹಾಗೇ ಉಳಿಸಿಕೊಳ್ಳುತ್ತೇನೆ.

ಗಾಡಿಯ ಕೆಳಗೆ ತೂರಿ ಆಕ್ಸಲ್ ನೋಡಿ. ಇದರಲ್ಲಿ ಎರಡು ಬಗೆ. ಟಿಮ್ಕೆನ್ ಕಂಪನಿಯದು ಎರಡು ಹೋಳು ಸೇರಿಸಿ ಬೋಲ್ಟ್ ಹಾಕಿದ ಹೌಸಿಂಗ್. ಇನ್ನೊಂದು ಬ್ಯಾಂಜೊ ವಾದ್ಯದ ಹಾಗೆ ದುಂಡಗಿನದು. ಒಂದೇ ಲಾರಿಯಲ್ಲಿ ಎರಡೂ ಬಗೆ ಕಂಡರೆ ಯಾರೋ ಬೆರೆಸಿದ್ದಾರೆ ಅಂತಲೇ ಅರ್ಥ. ಕ್ಯಾಬಿನ್ ಕೂಡ ಸಾಕ್ಷಿ ಹೇಳುತ್ತದೆ. ಮೊದಲು ಬಂದದ್ದು ಉಕ್ಕಿನ ಮುಚ್ಚಿದ ಕ್ಯಾಬಿನ್, ಕ್ಯಾನ್ವಾಸ್ ಚಾವಣಿಯದು ಬಂದದ್ದು 1943ರಲ್ಲಿ. ಪ್ಲೇಟಿನಲ್ಲಿ 1942 ಇದ್ದು ಮೇಲೆ ಕ್ಯಾನ್ವಾಸ್ ಇದ್ದರೆ, ಆ ಕ್ಯಾಬಿನ್ ಬೇರೆ ಲಾರಿಯದು.

ಬಣ್ಣದ ಪದರ

ನನಗೆ ತುಂಬ ಇಷ್ಟವಾದ ಕೆಲಸ ಇದು, ತಾಳ್ಮೆ ಬೇಕು ಅಷ್ಟೇ. ಬಾನೆಟ್ಟಿನ ಪಕ್ಕದಲ್ಲಿ 600 ನಂಬರಿನ ವಾಟರ್ ಪೇಪರನ್ನು ನೀರಲ್ಲಿ ಅದ್ದಿ, ಒಂದೇ ಜಾಗದಲ್ಲಿ ಸಣ್ಣಗೆ ಸುತ್ತು ಹಾಕುತ್ತಾ ಉಜ್ಜಿ. ಮೇಲಿನ ಬಣ್ಣ ಹೋಗುತ್ತದೆ, ಆಮೇಲೆ ಇನ್ನೊಂದು. ಕಡೆಗೆ ಮಂಕಾದ ಆಲಿವ್ ಹಸಿರು, ಅದರ ಮೇಲೆ ಮಸುಕಾದ ಬಿಳಿ ಗೆರೆಯೊಂದು ಕಾಣುತ್ತದೆ. ಅಲ್ಲೇ ಕೈ ಹಗುರ ಮಾಡಿ. ಅದು ನೋಂದಣಿ ಸಂಖ್ಯೆಯ ಅಂಚು ಇರಬಹುದು. ಎರಡೂವರೆ ಟನ್ ಲಾರಿಗಳ ಸಂಖ್ಯೆ 4ರಿಂದ ಶುರುವಾಗುತ್ತದೆ. ಕೊನೆಗೆ ‘ಎಸ್’ ಇದ್ದರೆ, ರೇಡಿಯೊಗೆ ಎಂಜಿನ್ನಿನ ಸದ್ದು ಅಡ್ಡ ಬರದ ಹಾಗೆ ವ್ಯವಸ್ಥೆ ಮಾಡಿದ ಗಾಡಿ ಅದು. ಅಂಥದ್ದರಲ್ಲಿ ಬಾನೆಟ್ಟು, ಎಂಜಿನ್ ಸುತ್ತ ತಾಮ್ರದ ಹೆಣೆದ ಪಟ್ಟಿಗಳು ಇರುತ್ತವೆ. ಮುರಿದ ತುಂಡು ಸಿಕ್ಕರೂ ಎತ್ತಿಡಿ.

ಹಳೇ ಬಣ್ಣದಲ್ಲಿ ಸೀಸ, ಬ್ರೇಕ್ ಲೈನಿಂಗಿನಲ್ಲಿ ಕಲ್ನಾರು ಇರುತ್ತದೆ. ಒಣಗಿದ ಧೂಳು ಎಬ್ಬಿಸಬೇಡಿ, ಬರೀ ಬಟ್ಟೆ ಕಟ್ಟಿಕೊಳ್ಳದೆ ಸರಿಯಾದ ಮಾಸ್ಕ್ ಹಾಕಿ.

ಬೋಲ್ಟಿನ ತಲೆಯನ್ನೂ ನೋಡಿ. ಯುದ್ಧಕಾಲದ ಫೋರ್ಡ್ ಜೀಪುಗಳಲ್ಲಿ ಬೋಲ್ಟಿನ ಮೇಲೂ ‘ಎಫ್’ ಅಕ್ಷರ ಒತ್ತುತ್ತಿದ್ದರು. ಆದರೆ ‘ಎಫ್’ ಇರುವ ಹೊಸ ಬೋಲ್ಟ್‌ಗಳೂ ಮಾರಾಟಕ್ಕಿವೆ. ಒಂದೇ ಗುರುತು ನೋಡಿ ತೀರ್ಮಾನಕ್ಕೆ ಬರಬೇಡಿ. ಸೇನೆಯ ಹಳೇ ಕೈಪಿಡಿಗಳ ಮರುಮುದ್ರಣ ಸಿಗುತ್ತದೆ. ಈ ಲಾರಿಗೆ ಟಿಎಂ 9-801, ಬಿಡಿಭಾಗಗಳ ಪಟ್ಟಿ ಜಿ-508. ಭಾಗದ ಮೇಲಿನ ನಂಬರನ್ನು ಅದರಲ್ಲಿ ಹುಡುಕಿ.

ಬಿಚ್ಚಿದ್ದನ್ನೆಲ್ಲ ಚೀಲಕ್ಕೆ ಹಾಕಿ, ಎಲ್ಲಿಂದ ತೆಗೆದದ್ದು ಅಂತ ಚೀಟಿ ಬರೆದಿಡಿ. ತುಕ್ಕು ತಿಂದು ಜಾಲರಿಯಾದ ತಗಡನ್ನೂ ಹೊಸದು ಸರಿಯಾಗಿ ಕೂರುವವರೆಗೆ ಗುಜರಿಗೆ ಕಳಿಸಬೇಡಿ. ತೂತು ಎಲ್ಲಿ, ಮಡಿಕೆ ಎಷ್ಟು, ಸ್ಪಾಟ್ ವೆಲ್ಡಿಂಗ್ ಎಷ್ಟೆಷ್ಟು ದೂರಕ್ಕೆ ಎನ್ನುವುದನ್ನು ಅದರಿಂದಲೇ ಅಳೆದುಕೊಳ್ಳಬೇಕಲ್ವಾ?