300 ರೂಪಾಯಿ ದಂಡ, ಎಂಟು ವರ್ಷ ಆದ ಮೇಲೆ

2014ರಲ್ಲಿ ಬ್ರಹ್ಮಾವರದ ಹತ್ತಿರ ಕೋಳಿ ಅಂಕಕ್ಕೆ, ಅಂದರೆ ಕೋಳಿ ಕಾಳಗಕ್ಕೆ, ಪೊಲೀಸರು ದಾಳಿ ಮಾಡಿದಾಗ ನಾನೂ ಸಿಕ್ಕಿಬಿದ್ದೆ. ಕೋಳಿ ನನ್ನದಲ್ಲ, ಆದರೆ ಬಾಜಿ ಕಟ್ಟಿದ್ದೆ. ಜೂಜಿಗೆ ಕರ್ನಾಟಕ ಪೊಲೀಸ್ ಕಾಯ್ದೆಯ 87ನೇ ಸೆಕ್ಷನ್, ಜೊತೆಗೆ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಹಾಕಿದರು. ಕೋರ್ಟಿನಲ್ಲಿ ಹೆಸರು ಕೂಗಿದರು, ತಪ್ಪು ಒಪ್ಪಿಕೊಂಡೆ, 300 ರೂಪಾಯಿ ದಂಡ ಕಟ್ಟಿ ಬಸ್ಸು ಹತ್ತಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

2022ರಲ್ಲಿ ಮಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ಸೇರುವ ಮೊದಲು ತುಂಬಬೇಕಾದ ಫಾರಂನಲ್ಲಿ ಒಂದು ಪ್ರಶ್ನೆ: ಯಾವುದಾದರೂ ಅಪರಾಧಕ್ಕೆ ಶಿಕ್ಷೆ ಆಗಿದೆಯೇ? ಮಾವ ಹೇಳಿದರು, "ಎಂತ ಶಿಕ್ಷೆ ಮಾರಾಯ, ಬರೀ ಫೈನ್ ಅಲ್ವಾ? ಇಲ್ಲ ಅಂತ ಬರಿ." ನನಗೂ ಹಾಗೇ ಬರೆಯುವ ಆಸೆ ಇತ್ತು. ಆದರೆ ನಿದ್ದೆ ಬರಲಿಲ್ಲ. ಮರುದಿನ ಉಡುಪಿಯ ಒಬ್ಬ ವಕೀಲರ ಹತ್ತಿರ ಹೋದೆ.

"ತಪ್ಪು ಒಪ್ಪಿಕೊಂಡು ದಂಡ ಕಟ್ಟಿದ್ದೀರಲ್ಲ, ಅದೂ ಶಿಕ್ಷೆಯೇ. ಜೈಲಿಗೆ ಹೋಗಿಲ್ಲ, ಅಷ್ಟೇ" ಅಂದರು. ಎದೆ ಧಸಕ್ಕೆಂದಿತು. 2014ರಲ್ಲಿ ಇದನ್ನು ಯಾರಾದರೂ ಹೇಳಿದ್ದರೆ, ಯಾರನ್ನೂ ಕೇಳದೆ ಹಾಗೆ "ಹೌದು ಸ್ವಾಮಿ" ಅಂದುಬಿಡುತ್ತಿರಲಿಲ್ಲ.

ಅವರೇ ಅವತಾರ್ ಸಿಂಗ್ ಪ್ರಕರಣದ ಬಗ್ಗೆ ಹೇಳಿದರು. ಸರ್ಕಾರಿ ಕೆಲಸದ ವಿಷಯದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಅದು. ಚಿಕ್ಕಪುಟ್ಟ ಕೇಸನ್ನು ಮುಚ್ಚಿಟ್ಟಿದ್ದರೂ ಅದನ್ನು ಕ್ಷಮಿಸುವ ಅಧಿಕಾರ ಕೆಲಸ ಕೊಟ್ಟವರಿಗೆ ಇದೆ. ಆದರೆ ಕೇಳಿದ್ದನ್ನು ಮುಚ್ಚಿಡುವುದು ಕೆಲಸಕ್ಕೇ ಕುತ್ತು ತರಬಹುದು. ಏನು ಕೇಳಿದ್ದಾರೋ ಅದಕ್ಕಷ್ಟೇ ಉತ್ತರ ಕೊಟ್ಟರೆ ಸಾಕು. ಖಾಸಗಿ ಕಂಪನಿಗಳು ತಮ್ಮದೇ ನಿಯಮ ನೋಡುತ್ತವೆ. ಹಾಗಾಗಿ ಪ್ರಶ್ನೆಯನ್ನು ಎರಡು ಸಲ ಓದಿ. "ಕೇಸು ದಾಖಲಾಗಿದೆಯೇ", "ಕೇಸು ಬಾಕಿ ಇದೆಯೇ", "ಶಿಕ್ಷೆ ಆಗಿದೆಯೇ", ಈ ಮೂರೂ ಬೇರೆ ಬೇರೆ.

ಆಮೇಲೆ ಕಾಗದ ಹುಡುಕುವ ಕೆಲಸ. ರಶೀದಿ ಯಾವಾಗಲೋ ಕಳೆದುಹೋಗಿತ್ತು. ಕೋರ್ಟ್ ಕೇಸುಗಳ ವಿವರ ಸಿಗುವ ಇ-ಕೋರ್ಟ್ಸ್ ಸೈಟಿನಲ್ಲಿ ಹೆಸರು, ವರ್ಷ ಹಾಕಿದೆ. ಏನೂ ಬರಲಿಲ್ಲ. ಬಾಕಿ ಇರುವ ಕೇಸುಗಳನ್ನು ಮಾತ್ರ ಹುಡುಕುತ್ತಿದ್ದೆ ಅಂತ ಆಮೇಲೆ ಗೊತ್ತಾಯಿತು. ಮುಗಿದ ಕೇಸುಗಳು ಅಂತ ಆರಿಸಿದಾಗ ನನ್ನ ಹೆಸರಿನವರೇ ಮೂವರು ಬಂದರು! ಅದರಲ್ಲಿ ಒಬ್ಬನದು ಹೊಡೆದಾಟದ ಕೇಸು. ಕಂಪನಿಯ ಪರವಾಗಿ ನನ್ನ ಹಿನ್ನೆಲೆ ತನಿಖೆ ಮಾಡುವವರು ಅದನ್ನು ನನ್ನ ತಲೆಗೆ ಕಟ್ಟಿದರೆ? ಕೇಸ್ ನಂಬರ್ ಬರೆದುಕೊಂಡು ಕೋರ್ಟಿನ ನಕಲು ವಿಭಾಗದಲ್ಲಿ ಅರ್ಜಿ ಹಾಕಿದೆ. ಕೆಲವು ದಿನ ಓಡಾಡಿದ ಮೇಲೆ ಆದೇಶದ ಸರ್ಟಿಫೈಡ್ ಕಾಪಿ ಸಿಕ್ಕಿತು. ಅದರಲ್ಲಿ ಅಪ್ಪನ ಹೆಸರು, ಊರು ಎಲ್ಲ ಇತ್ತು.

ಫಾರಂನಲ್ಲಿ "ಹೌದು" ಅಂತ ಬರೆದೆ. ಕೆಳಗೆ ಕೇಸ್ ನಂಬರ್, ಸೆಕ್ಷನ್, ಕಟ್ಟಿದ ದಂಡ, ಇಷ್ಟೇ. ಕಾರಣ, ಕಣ್ಣೀರು ಯಾವುದೂ ಬೇಡ ಅಂದಿದ್ದರು ವಕೀಲರು. ಕಾಪಿಯನ್ನೂ ಲಗತ್ತಿಸಿದೆ.

ಹತ್ತು ದಿನ ಫೋನ್ ಬರಲಿಲ್ಲ. ಹನ್ನೊಂದನೇ ದಿನ ಎಚ್‌ಆರ್ ಮೇಡಂ ಮಾಡಿದರು. "ಅದಾದ ಮೇಲೆ ಬೇರೆ ಏನಾದ್ರೂ ಕೇಸು ಉಂಟಾ?" "ಇಲ್ಲ ಮೇಡಂ." "ಸರಿ, ಸೋಮವಾರ ಒಂಬತ್ತಕ್ಕೆ ಬನ್ನಿ."